ನಿಮಗಿದು ಗೊತ್ತೇ? ಬಾಲ್ ಪೈಥಾನ್‌ಗೆ ವರ್ಷಕ್ಕೆ ಹದಿನೇಳು ಊಟ ಸಾಕು

ಒಂದೂವರೆ ಕಿಲೋ ತೂಗುವ, ಪೂರ್ತಿ ಬೆಳೆದ ಬಾಲ್ ಪೈಥಾನ್ ಇಡೀ ವರ್ಷದಲ್ಲಿ ತಿನ್ನುವ ಆಹಾರ ಅದರ ಮೈತೂಕಕ್ಕಿಂತ ಕಡಿಮೆ. ಲೆಕ್ಕ ಹಾಕಿ ನೋಡಿ. ಮೈತೂಕದ ಶೇ. 5ರಷ್ಟು, ಅಂದರೆ 75 ಗ್ರಾಂನ ಒಂದು ಇಲಿ, ಮೂರು ವಾರಕ್ಕೊಮ್ಮೆ. ವರ್ಷಕ್ಕೆ ಹದಿನೇಳು ಇಲಿ, ಒಟ್ಟು 1,275 ಗ್ರಾಂ. ಇಷ್ಟರಲ್ಲೇ ಅದು ಗಟ್ಟಿಮುಟ್ಟಾಗಿರುತ್ತದೆ, ಕಾಲಕಾಲಕ್ಕೆ ಪೊರೆ ಬಿಡುತ್ತದೆ, ಕತ್ತಲಾದ ಮೇಲೆ ಚುರುಕಾಗಿ ಓಡಾಡುತ್ತದೆ. ‘ಪಾಪ, ಹಸಿದಿರಬೇಕು’ ಎಂದು ಬೆಳೆದ ಹಾವಿಗೆ ವಾರವಾರವೂ ಇಲಿ ಹಾಕುವವರು ಪ್ರೀತಿಯಿಂದಲೇ ಅದರ ಆರೋಗ್ಯ ಕೆಡಿಸುತ್ತಾರೆ.

ಈ ಹಾವಿನ ತವರು ಪಶ್ಚಿಮ ಮತ್ತು ಮಧ್ಯ ಆಫ್ರಿಕಾ. ಸೆನೆಗಲ್‌ನಿಂದ ಉಗಾಂಡದವರೆಗಿನ ಹುಲ್ಲುಗಾವಲು, ಕುರುಚಲು ಕಾಡು, ಹೊಲಗಳ ಅಂಚಿನಲ್ಲಿ ಇದರ ವಾಸ. 1802ರಲ್ಲಿ ಬ್ರಿಟನ್ನಿನ ಜಾರ್ಜ್ ಶಾ ಇದಕ್ಕೆ ವೈಜ್ಞಾನಿಕ ಹೆಸರು ಕೊಟ್ಟರು. ಹೆದರಿದಾಗ ತಲೆಯನ್ನು ನಡುವೆ ಹುದುಗಿಸಿಕೊಂಡು ಉಂಡೆಯಾಗುತ್ತದೆ. ಅದಕ್ಕೇ ಅಮೆರಿಕದವರು ಬಾಲ್ ಪೈಥಾನ್ ಎಂದರು. ಯುರೋಪಿನವರಿಗೆ ಇದೇ ರಾಯಲ್ ಪೈಥಾನ್. ಉದ್ದ ಮೂರರಿಂದ ಐದು ಅಡಿ, ಹೆಣ್ಣು ಗಂಡಿಗಿಂತ ದಪ್ಪ.

ಹಾಗಾದರೆ ಎಷ್ಟು ದಿನಕ್ಕೊಮ್ಮೆ ಊಟ? ಮರಿಗೆ ಐದರಿಂದ ಏಳು ದಿನಕ್ಕೊಮ್ಮೆ, ಮೈತೂಕದ ಶೇ. 10ರಿಂದ 15ರಷ್ಟು. ಅರ್ಧ ಕಿಲೋ ದಾಟಿದ ಎಳೆಹಾವಿಗೆ ಹತ್ತರಿಂದ ಹದಿನಾಲ್ಕು ದಿನಕ್ಕೊಮ್ಮೆ. ಮೂರ್ನಾಲ್ಕು ವರ್ಷ ತುಂಬಿ ಬೆಳವಣಿಗೆ ನಿಧಾನವಾದ ಮೇಲೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಶೇ. 5ರ ಆಸುಪಾಸು. ಅನುಭವಿಗಳ ನಡುವೆಯೂ ಒಂದೆರಡು ದಿನದ, ಒಂದೆರಡು ಶೇಕಡಾದ ಹೆಚ್ಚುಕಮ್ಮಿ ಇದೆ. ಆದರೆ ಒಂದು ವಿಷಯದಲ್ಲಿ ತಕರಾರಿಲ್ಲ: ವಯಸ್ಸು ಏರಿದಂತೆ ಎರಡು ಊಟಗಳ ನಡುವಿನ ಅಂತರವೂ ಏರಬೇಕು.

ಮರಿಯ ಹಸಿವೇ ಬೇರೆ. ಮೊಟ್ಟೆಯೊಡೆದು ಬಂದಾಗ ಅದರ ತೂಕ ಸುಮಾರು 50ರಿಂದ 80 ಗ್ರಾಂ. ಹೊಟ್ಟೆಯೊಳಗೆ ಉಳಿದ ಹಳದಿ ಭಂಡಾರವೇ ಮೊದಲ ದಿನಗಳ ಆಹಾರ. ವಾರ-ಹತ್ತು ದಿನಕ್ಕೆ ಮೊದಲ ಪೊರೆ ಕಳಚಿದ ಮೇಲಷ್ಟೇ ಬೇಟೆಯತ್ತ ತಿರುಗುತ್ತದೆ. 60 ಗ್ರಾಂನ ಮರಿ ವಾರಕ್ಕೊಂದು 8 ಗ್ರಾಂನ ಇಲಿಮರಿ ನುಂಗಿದರೂ ಎರಡೇ ತಿಂಗಳಲ್ಲಿ ತನ್ನ ಆರಂಭದ ತೂಕದಷ್ಟನ್ನು ತಿಂದಿರುತ್ತದೆ. ದೊಡ್ಡ ಹಾವು ವರ್ಷವಿಡೀ ಮಾಡದ್ದನ್ನು ಮರಿ ಎಂಟು ವಾರದಲ್ಲಿ ಮಾಡುತ್ತದೆ. ಮರಿಯಿದ್ದಾಗಿನ ವೇಳಾಪಟ್ಟಿಯನ್ನೇ ಐದು ವರ್ಷದ ಹಾವಿಗೂ ಮುಂದುವರಿಸಿದರೆ ಕೊಬ್ಬು ಕೂಡಿಕೊಳ್ಳುವುದು ಖಂಡಿತ.

ತೂಕದ ಯಂತ್ರ ಕೈಯಲ್ಲಿಲ್ಲವೇ? ಹಾವಿನ ಮೈಯ ಅತಿ ದಪ್ಪ ಭಾಗ ನೋಡಿ. ಇಲಿ ಅದಕ್ಕಿಂತ ದಪ್ಪ ಇರಬಾರದು. ಆದರೂ ಗ್ರಾಂ ತೋರಿಸುವ ಒಂದು ತಕ್ಕಡಿ ಕೊಂಡಿಟ್ಟುಕೊಳ್ಳುವುದು ಒಳ್ಳೆಯದು. ಮುಂದೆ ಅದರ ಕೆಲಸ ಬಹಳ ಇದೆ.

ಇಷ್ಟು ಕಡಿಮೆ ತಿಂದು ಬದುಕುವುದು ಹೇಗೆ? ನಾವು, ನಾಯಿ, ಬೆಕ್ಕು ಎಲ್ಲರೂ ತಿಂದದ್ದರಲ್ಲಿ ದೊಡ್ಡ ಪಾಲನ್ನು ಮೈ ಬೆಚ್ಚಗಿಡಲು ಉರಿಸುತ್ತೇವೆ. ಹಾವಿಗೆ ಆ ಖರ್ಚಿಲ್ಲ, ಶಾಖ ಹೊರಗಿನಿಂದ ಬರುತ್ತದೆ. ಜೊತೆಗೆ ಹೆಬ್ಬಾವುಗಳಲ್ಲಿ ಇನ್ನೊಂದು ಉಪಾಯವಿದೆ. ಊಟವಿಲ್ಲದ ದಿನಗಳಲ್ಲಿ ಅವುಗಳ ಜೀರ್ಣಾಂಗ ಒಲೆ ಆರಿಸಿಟ್ಟ ಅಡುಗೆಮನೆ. ಜಠರ ಆಮ್ಲ ಸುರಿಸುವುದಿಲ್ಲ, ಕರುಳಿನ ಒಳಪದರ ಕುಗ್ಗಿರುತ್ತದೆ. ಬೇಟೆ ಒಳಗಿಳಿದ ಕೂಡಲೇ ಎಲ್ಲವೂ ಹೊಸದಾಗಿ ಶುರುವಾಗಬೇಕು.

ಈ ಶುರುವಾಗುವಿಕೆಯನ್ನು ಅತಿ ವಿವರವಾಗಿ ಅಳೆದದ್ದು ಬಾಲ್ ಪೈಥಾನ್‌ನ ದೊಡ್ಡ ಬಂಧು ಬರ್ಮೀಸ್ ಹೆಬ್ಬಾವಿನಲ್ಲಿ. ಸ್ಟೀಫನ್ ಸೀಕರ್ ಮತ್ತು ಜೇರೆಡ್ ಡೈಮಂಡ್ 1990ರ ದಶಕದಲ್ಲಿ ಕಂಡುಕೊಂಡ ಸಂಗತಿ ಜೀವವಿಜ್ಞಾನಿಗಳನ್ನೇ ಬೆರಗುಗೊಳಿಸಿತ್ತು: ಭಾರಿ ಊಟದ ನಂತರ ಈ ಹಾವಿನ ಚಯಾಪಚಯದ ವೇಗ ವಿಶ್ರಾಂತಿಯಲ್ಲಿದ್ದಾಗಿನ ನಲವತ್ತು ಪಟ್ಟು ದಾಟಬಲ್ಲದು. ನಾಗಾಲೋಟದ ಕುದುರೆಯಲ್ಲಿ ಕಾಣುವಂಥ ಏರಿಕೆ ಅದು, ಅದೂ ಒಂದೆಡೆ ಅಲುಗಾಡದೆ ಮಲಗಿದ ಪ್ರಾಣಿಯಲ್ಲಿ. 2005ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ ಊಟವಾದ 48 ಗಂಟೆಯೊಳಗೆ ಅದರ ಹೃದಯದ ಕುಹರದ ದ್ರವ್ಯರಾಶಿ ಶೇ. 40ರಷ್ಟು ಹೆಚ್ಚುತ್ತದೆ. ಜೀರ್ಣ ಮುಗಿದ ಮೇಲೆ ಮತ್ತೆ ಹಿಂದಿನ ಗಾತ್ರಕ್ಕೆ ಇಳಿಯುತ್ತದೆ. ಕೊಲರಾಡೊ ವಿಶ್ವವಿದ್ಯಾಲಯದ ಲೆಸ್ಲಿ ಲೈನ್‌ವಾಂಡ್ ತಂಡ 2011ರಲ್ಲಿ ಇದರ ಹಿಂದೆ ಕೆಲವು ಕೊಬ್ಬಿನಾಮ್ಲಗಳಿವೆ ಎಂದು ತೋರಿಸಿತು. ಅವನ್ನೇ ಬೆರೆಸಿ ಹಸಿದ ಹಾವಿಗೆ ಚುಚ್ಚಿದಾಗಲೂ ಹೃದಯ ಹಿಗ್ಗಿತು, ಸುಂಡಿಲಿಯದೂ ಹಿಗ್ಗಿತು. ಮನುಷ್ಯನ ಹೃದ್ರೋಗಕ್ಕೆ ಮದ್ದು ಹುಡುಕುವವರು ಹೆಬ್ಬಾವಿನ ಊಟದತ್ತ ಕಣ್ಣಿಟ್ಟಿರುವುದು ಇದಕ್ಕಾಗಿಯೇ.

ಬಾಲ್ ಪೈಥಾನ್ ಸಾಕಿದವರಿಗೆ ಇದರಲ್ಲಿ ನೇರವಾದ ಸುದ್ದಿಯಿದೆ. ಪ್ರತಿ ಊಟವೂ ಆ ಪುಟ್ಟ ದೇಹಕ್ಕೆ ದೊಡ್ಡ ಕೆಲಸ. ಒಂದು ಮುಗಿಯುವ ಮುನ್ನ ಇನ್ನೊಂದನ್ನು ಹೇರಬಾರದು.

ಊಟವಾದ ಮೇಲೆ 48 ಗಂಟೆ ಹಾವನ್ನು ಎತ್ತಬಾರದು. ಸ್ನೇಹಿತರು ಬಂದಿದ್ದಾರೆಂದು ಕುತ್ತಿಗೆಗೆ ಹಾಕಿಕೊಂಡು ಫೋಟೊ ತೆಗೆಸುವುದಂತೂ ಬೇಡವೇ ಬೇಡ. ಗಾಬರಿಯಾದರೆ ನುಂಗಿದ್ದನ್ನು ಕಕ್ಕುತ್ತದೆ. ಜೊತೆಗೆ ಜಠರದ ಆಮ್ಲವೂ ಬಂದು ಗಂಟಲು ಸುಡುತ್ತದೆ. ಹಾಗೆ ಕಕ್ಕಿದರೆ ಮರುದಿನವೇ ಇನ್ನೊಂದು ಇಲಿ ಕೊಡುವುದು ದೊಡ್ಡ ತಪ್ಪು. ಹತ್ತರಿಂದ ಹದಿನಾಲ್ಕು ದಿನ ಬರೀ ನೀರು, ಆಮೇಲೆ ಮಾಮೂಲಿಗಿಂತ ಚಿಕ್ಕ ಇಲಿ. ಎರಡನೇ ಸಲವೂ ಕಕ್ಕಿದರೆ ಪಶುವೈದ್ಯರ ಬಳಿ ಹೋಗಲೇಬೇಕು.

ಊಟದಷ್ಟೇ ಮುಖ್ಯ ಶಾಖ. ಪೆಟ್ಟಿಗೆಯ ಒಂದು ಬದಿ 31ರಿಂದ 33 ಡಿಗ್ರಿ ಸೆಲ್ಸಿಯಸ್, ಇನ್ನೊಂದು ಬದಿ 25ರಿಂದ 27. ಹಾವು ತನಗೆ ಬೇಕಾದ ಕಡೆ ತಾನೇ ಸರಿದುಕೊಳ್ಳುತ್ತದೆ. ಬೆಂಗಳೂರಿನ ಡಿಸೆಂಬರ್-ಜನವರಿ ರಾತ್ರಿಗಳಲ್ಲಿ ಪಾರಾ 16 ಡಿಗ್ರಿಗೆ, ಕೆಲವೊಮ್ಮೆ ಇನ್ನೂ ಕೆಳಗೆ ಇಳಿಯುತ್ತದೆ. ಹೀಟರ್ ಇಲ್ಲದ ಪೆಟ್ಟಿಗೆಯಲ್ಲಿ ಆ ಚಳಿಗೆ ಜೀರ್ಣಕ್ರಿಯೆ ನಿಂತುಹೋಗುತ್ತದೆ, ನುಂಗಿದ ಇಲಿ ಹೊಟ್ಟೆಯಲ್ಲೇ ಕೊಳೆಯತೊಡಗುತ್ತದೆ. ಅಂಥ ವಾರದಲ್ಲಿ ಹಾವು ಊಟಕ್ಕೆ ಬೆನ್ನು ತಿರುಗಿಸಿದರೆ ಅದು ಮಾಡಿದ್ದೇ ಸರಿ. ಮೊದಲು ಥರ್ಮಾಮೀಟರ್ ನೋಡಿ, ಆಮೇಲೆ ಇಲಿಯ ಮಾತು.

ಕಾಡಿನಲ್ಲಿ ಗಂಡು-ಹೆಣ್ಣಿನ ಊಟವೇ ಬೇರೆ ಬೇರೆ! ನೈಜೀರಿಯಾದಲ್ಲಿ ಲೂಕಾ ಲೂಯಿಸೆಲ್ಲಿ ಮತ್ತು ಫ್ರಾಂಚೆಸ್ಕೊ ಆಂಜೆಲಿಚಿ ನಡೆಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 70 ಸೆಂ.ಮೀ.ಗಿಂತ ಚಿಕ್ಕ ಹಾವುಗಳ ಹೊಟ್ಟೆಯಲ್ಲಿ ಹೆಚ್ಚಾಗಿ ಸಿಕ್ಕಿದ್ದು ಹಕ್ಕಿಗಳು. ಮೀಟರ್ ಮೀರಿದವುಗಳಲ್ಲಿ ಇಲಿ-ಹೆಗ್ಗಣಗಳಂಥ ಸಸ್ತನಿಗಳು. ಹಕ್ಕಿ ತಿನ್ನುವವು ಹೆಚ್ಚಾಗಿ ಗಂಡುಗಳು, ಅವು ಮರ ಹತ್ತುವುದೂ ಹೆಚ್ಚು. ನೆಲದ ಬಿಲದಲ್ಲೇ ಬದುಕುವ ಹಾವು ಎಂಬ ಹಳೆಯ ನಂಬಿಕೆಗೆ ಇದು ಚೆನ್ನಾದ ಉತ್ತರ. ಸಾಕಿದವರು ಪೆಟ್ಟಿಗೆಯಲ್ಲಿ ಒಂದು ಗಟ್ಟಿ ಕೊಂಬೆ ಇಡಲು ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಇನ್ನು ಬೇಟೆಯ ಕ್ಷಣ. ಮೇಲ್ತುಟಿಯುದ್ದಕ್ಕೂ ಸಾಲಾಗಿ ಗುಳಿಗಳಿವೆ. ಅವು ಶಾಖ ಗ್ರಹಿಸುವ ಅಂಗಗಳು. ಕಗ್ಗತ್ತಲಲ್ಲೂ ಬಿಸಿರಕ್ತದ ಪ್ರಾಣಿ ಎಲ್ಲಿದೆ ಎಂದು ಅವು ಹೇಳುತ್ತವೆ. ಹೆಪ್ಪುಗಟ್ಟಿಸಿದ ಇಲಿಯನ್ನು ಫ್ರಿಜ್ಜಿನ ಕೆಳಖಾನೆಯಲ್ಲಿಟ್ಟು ಕರಗಿಸಿ, ಕೊಡುವ ಮುಂಚೆ ಬಿಸಿನೀರಿನಲ್ಲಿ ಮೈ 38-40 ಡಿಗ್ರಿಗೆ ಬರುವಂತೆ ಮಾಡುವುದು ಇದಕ್ಕೇ. ತಣ್ಣಗಿನ ಇಲಿ ಆ ಗುಳಿಗಳಿಗೆ ‘ಕಾಣುವುದೇ’ ಇಲ್ಲ. ಮೈಕ್ರೋವೇವ್ ಬೇಡ, ಹೊರಗೆ ತಣ್ಣಗಿದ್ದು ಒಳಗೆ ಬೆಂದಿರುತ್ತದೆ.

ದೀಪ ಆರಿಸಿದ ಮೇಲೆ ಉದ್ದನೆಯ ಇಕ್ಕಳದಲ್ಲಿ ಬೆಚ್ಚಗಿನ ಇಲಿಯ ಬಾಲ ಹಿಡಿದು ಮರೆಗೂಡಿನ ಬಾಯಿಯ ಮುಂದೆ ತನ್ನಿ. ಮೊದಲು ನಾಲಗೆ ಮಾತ್ರ ಹೊರಬರುತ್ತದೆ, ನಿಧಾನಕ್ಕೆ, ಒಂದೊಂದೇ ಸಲ. ತಲೆ ಇಂಚಿಂಚೇ ಇಲಿಯತ್ತ ತಿರುಗುತ್ತದೆ. ಕತ್ತು ಹಿಂದಕ್ಕೆ ಮಡಚಿಕೊಂಡು ಬಾಗುತ್ತದೆ. ಆಮೇಲೆ ಆಗುವುದನ್ನು ಕಣ್ಣು ಹಿಡಿಯುವುದಿಲ್ಲ. ನೋಡುವ ಹೊತ್ತಿಗೆ ಇಲಿಯ ಸುತ್ತ ಎರಡು ಸುತ್ತು ಬಿದ್ದಿರುತ್ತದೆ. ಸತ್ತ ಇಲಿಯನ್ನೂ ಅದು ಹಿಸುಕುತ್ತದೆ. ಹಲವು ನಿಮಿಷ ಹಾಗೇ ಇದ್ದು, ಹಿಡಿತ ಸಡಿಲಿಸಿ, ಮೂಗಿನಿಂದ ತಡವುತ್ತಾ ಇಲಿಯ ತಲೆ ಹುಡುಕುತ್ತದೆ. ನುಂಗುವುದು ತಲೆಯ ಕಡೆಯಿಂದ, ಕೂದಲು ಮತ್ತು ಕಾಲು ಎದುರು ನಿಲ್ಲದಂತೆ. ಎಡದವಡೆ ಒಂದು ಹೆಜ್ಜೆ, ಬಲದವಡೆ ಒಂದು ಹೆಜ್ಜೆ, ಹೀಗೆ ಬಾಯಿ ಇಲಿಯ ಮೇಲೆ ನಡೆದುಹೋಗುತ್ತದೆ. ಹತ್ತಿರದಿಂದ ನೋಡಿದರೆ ಕೆಳದವಡೆಯ ಅಂಚಿನಲ್ಲಿ ಬಿಳಿಚಾದ ಒಂದು ಕೊಳವೆ ಹೊರಚಾಚಿರುವುದು ಕಾಣುತ್ತದೆ. ಅದು ಶ್ವಾಸನಾಳದ ಬಾಯಿ. ಗಂಟಲು ಪೂರ್ತಿ ತುಂಬಿದ್ದರೂ ಉಸಿರಾಟಕ್ಕೆ ತೊಂದರೆಯಾಗದಂತೆ ಈ ಏರ್ಪಾಡು. ಕೊನೆಗೆ ಬಾಲ ಒಳಸರಿದ ಮೇಲೆ ಒಂದೆರಡು ದೊಡ್ಡ ಆಕಳಿಕೆ, ದವಡೆ ಮತ್ತೆ ಜಾಗಕ್ಕೆ.

ಅಂದಹಾಗೆ, ಹಾವು ದವಡೆ ಕಳಚಿಕೊಂಡು ನುಂಗುತ್ತದೆ ಎಂಬುದು ತಪ್ಪು. ಕೆಳದವಡೆಯ ಎರಡು ಭಾಗಗಳು ಗದ್ದದಲ್ಲಿ ಮೂಳೆಯಿಂದ ಬೆಸೆದುಕೊಂಡಿಲ್ಲ. ಹಿಗ್ಗುವ ಅಂಗಾಂಶದಿಂದ ಕೂಡಿಕೊಂಡಿವೆ. ಕಳಚುವಂಥದ್ದು ಏನೂ ಇಲ್ಲ, ಹಿಗ್ಗುತ್ತದೆ ಅಷ್ಟೇ.

ಹಿಸುಕಿ ಉಸಿರುಕಟ್ಟಿಸಿ ಕೊಲ್ಲುತ್ತದೆ ಎಂಬುದೂ ಪೂರ್ತಿ ನಿಜವಲ್ಲ. ಅಮೆರಿಕದ ಡಿಕಿನ್ಸನ್ ಕಾಲೇಜಿನ ಸ್ಕಾಟ್ ಬೊಬಾಕ್ ತಂಡ ಬೋವಾ ಹಾವುಗಳ ಮೇಲೆ ಮಾಡಿದ ಪ್ರಯೋಗ 2015ರಲ್ಲಿ ಪ್ರಕಟವಾಯಿತು. ಸುರುಳಿ ಬಿಗಿಯಾದ ಕೆಲವೇ ಸೆಕೆಂಡುಗಳಲ್ಲಿ ಇಲಿಯ ರಕ್ತಪರಿಚಲನೆ ಕುಸಿಯುತ್ತದೆ ಎಂದು ಅದು ತೋರಿಸಿತು. ಅದಕ್ಕೂ ಮುಂಚೆ, 2012ರಲ್ಲಿ, ಇದೇ ತಂಡ ಸತ್ತ ಇಲಿಗಳೊಳಗೆ ಕೃತಕ ಹೃದಯ ಇಟ್ಟು ಹಾವುಗಳಿಗೆ ಕೊಟ್ಟಿತ್ತು. ಹೃದಯ ಮಿಡಿಯುತ್ತಿದ್ದಷ್ಟು ಹೊತ್ತು ಹಾವುಗಳು ಹಿಡಿತ ಬಿಗಿಮಾಡುತ್ತಲೇ ಇದ್ದವು. ಬೇಟೆಯ ಎದೆಬಡಿತ ಅವುಗಳ ಮೈಗೆ ಗೊತ್ತಾಗುತ್ತದೆ!

ಜೀವಂತ ಇಲಿ ಬಿಟ್ಟರೆ ‘ಸಹಜ’ವಲ್ಲವೇ ಎಂದು ಕೇಳುವವರಿದ್ದಾರೆ. ಮುಚ್ಚಿದ ಪೆಟ್ಟಿಗೆಯಲ್ಲಿ ಇಲಿಗೆ ಓಡಲು ಜಾಗವಿಲ್ಲ, ಹಾವಿಗೆ ಹಸಿವಿರದಿದ್ದರೆ ಅದಕ್ಕೂ ಹೋಗಲು ಜಾಗವಿಲ್ಲ. ರಾತ್ರಿ ಬಿಟ್ಟು ಮಲಗಿದರೆ ಬೆಳಗ್ಗೆ ಇಲಿ ಹಾವಿನ ಬೆನ್ನನ್ನು ಮೂಳೆ ಕಾಣುವಂತೆ ಕಡಿದಿರಬಹುದು. ಸರೀಸೃಪ ನೋಡುವ ಪಶುವೈದ್ಯರಿಗೆ ಇಂಥ ಗಾಯ ಪರಿಚಿತ. ಇಲಿಗೂ ಅದು ಹಿಂಸೆಯೇ.

ಈಗ ಸಾಕಿದವರನ್ನು ಅತಿಹೆಚ್ಚು ಕಂಗೆಡಿಸುವ ಸಂಗತಿ: ಉಪವಾಸ. ಸಾಕುಹಾವುಗಳಲ್ಲಿ ಊಟ ನಿರಾಕರಿಸುವುದಕ್ಕೆ ಬಾಲ್ ಪೈಥಾನ್‌ನಷ್ಟು ಹೆಸರಾದದ್ದು ಇನ್ನೊಂದಿಲ್ಲ. ಬೆಳೆದ ಗಂಡು ಬೆದೆಯ ಕಾಲದಲ್ಲಿ ನಾಲ್ಕಾರು ತಿಂಗಳು ಏನೂ ಮುಟ್ಟದೆ ಇರಬಲ್ಲದು. ಪೊರೆ ಬಿಡುವ ಮುಂಚೆ, ಕಣ್ಣು ನೀಲಿಗಟ್ಟಿ ಮಬ್ಬಾದಾಗ, ಬಹುತೇಕ ಹಾವುಗಳು ತಿನ್ನುವುದಿಲ್ಲ. ಹೊಸ ಮನೆಗೆ ಬಂದ ಮೊದಲ ವಾರ ಹಾಗೇ. ಅಡಗಲು ಗೂಡಿಲ್ಲದಿದ್ದರೆ, ದಿನವೂ ಹತ್ತು ಕೈಗಳು ಎತ್ತಿ ಇಳಿಸುತ್ತಿದ್ದರೆ, ಪೆಟ್ಟಿಗೆ ತಣ್ಣಗಿದ್ದರೆ, ಸುಂಡಿಲಿ ತಿಂದು ಅಭ್ಯಾಸವಾದ ಹಾವಿಗೆ ಒಮ್ಮೆಲೇ ಇಲಿ ಕೊಟ್ಟರೆ, ಇವೆಲ್ಲವಕ್ಕೂ ಅದರ ಉತ್ತರ ಒಂದೇ.

ಆಗ ಮಾಡಬಾರದ್ದು, ದಿನಾ ಇಲಿ ತಂದು ಮೂಗಿಗೆ ಹಿಡಿಯುವುದು. ಪ್ರತಿ ನಿರಾಕರಣೆಯೂ ಹಾವಿಗೆ ಇನ್ನೊಂದು ಕಿರುಕುಳ. ವಾರ ಹತ್ತು ದಿನ ಬಿಟ್ಟು ಮತ್ತೊಮ್ಮೆ ಪ್ರಯತ್ನಿಸಿ, ನಡುವೆ ಶಾಖ, ತೇವ, ಮರೆಗೂಡು ಸರಿಯಿದೆಯೇ ನೋಡಿ. ಗಾಳಿಯ ತೇವಾಂಶ ಶೇ. 55ರಿಂದ 70 ಇರಬೇಕು. ಮತ್ತು ತೂಗಿ. ತಕ್ಕಡಿಯ ಕೆಲಸ ಬರುವುದು ಇಲ್ಲಿ. ತಿಂಗಳಿಗೊಮ್ಮೆ ತೂಗಿ ತಾರೀಕು, ಗ್ರಾಂ, ತಿಂದಿತೇ ಇಲ್ಲವೇ ಎಂದು ಬರೆದಿಟ್ಟರೆ, ಮೂರು ತಿಂಗಳ ಉಪವಾಸದಲ್ಲೂ ಬೆಳೆದ ಹಾವಿನ ತೂಕ ಅಲ್ಪಸ್ವಲ್ಪವೇ ಇಳಿದಿರುವುದು ಕಾಣಿಸುತ್ತದೆ. ಶೇ. 10 ಮೀರಿ ಇಳಿದರೆ, ಇಲ್ಲವೇ ಬಾಯಲ್ಲಿ ಲೋಳೆ, ಉಸಿರಾಟದಲ್ಲಿ ಸದ್ದು ಇದ್ದರೆ ಕಾಯಬಾರದು. ಮರಿಗಳಿಗೆ ಇಷ್ಟು ಕಾಲಾವಕಾಶವೂ ಇಲ್ಲ, ಅವುಗಳ ಭಂಡಾರ ಚಿಕ್ಕದು. ಬಲವಂತವಾಗಿ ಬಾಯಿಗೆ ತುರುಕುವುದು ವೈದ್ಯರ ಕೆಲಸ, ನಿಮ್ಮದಲ್ಲ.

ತಾಯಿಹಾವಿನ ಉಪವಾಸ ಇನ್ನೂ ದೊಡ್ಡದು. ಮೂರರಿಂದ ಹನ್ನೊಂದು ಮೊಟ್ಟೆಯಿಟ್ಟು, ಸುಮಾರು ಎರಡು ತಿಂಗಳು ಅವುಗಳ ಸುತ್ತ ಸುರುಳಿಯಾಗಿ ಕೂರುತ್ತದೆ, ಆ ಕಾಲದಲ್ಲಿ ತಿನ್ನುವುದು ಅಪರೂಪ. ನಮ್ಮ ಕಾಡುಗಳ ಹೆಬ್ಬಾವು ಕಾವು ಕೂತಾಗ ಸ್ನಾಯುಗಳನ್ನು ಅದುರಿಸಿ ಮೈಯಲ್ಲೇ ಶಾಖ ಹುಟ್ಟಿಸುತ್ತದೆ. ಬಾಲ್ ಪೈಥಾನ್‌ಗೆ ಆ ಕಲೆ ಇಲ್ಲ. ಅದರ ಬಿಗಿ ಸುರುಳಿಯ ದೊಡ್ಡ ಉಪಯೋಗ ಮೊಟ್ಟೆಗಳು ಒಣಗದಂತೆ ಕಾಯುವುದು.

ಹೆಚ್ಚಾಯಿತೇ ಎಂದು ತಿಳಿಯುವುದು ಹೇಗೆ? ಆರೋಗ್ಯವಂತ ಹಾವಿನ ಅಡ್ಡಕೊಯ್ತ ಮೂಲೆಗಳು ಉರುಟಾದ ತ್ರಿಕೋನದಂತಿರುತ್ತದೆ, ಬೆನ್ನೆಲುಬಿನ ಗೆರೆ ತುಸು ಕಾಣುತ್ತದೆ. ಬೆನ್ನೆಲುಬು ಕತ್ತಿಯಂಚಿನಂತೆ ಎದ್ದಿದ್ದರೆ ಬಡಕಲು. ಮೈ ಕೊಳವೆಯಂತೆ ಉರುಟಾಗಿ, ಬಾಗಿದಾಗ ಹುರುಪೆಗಳ ನಡುವೆ ಚರ್ಮ ಬಿರಿದು, ಬಾಲದ ಬುಡದಲ್ಲಿ ಕೊಬ್ಬಿನ ಮಡಿಕೆ ಬಿದ್ದರೆ ಬೊಜ್ಜು. ಬೊಜ್ಜಿನ ಹಾವಿಗೆ ಯಕೃತ್ತಿನಲ್ಲಿ ಕೊಬ್ಬು ತುಂಬುವ ಕಾಯಿಲೆ ಬರುತ್ತದೆ, ಅದು ಹೊರಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ.

ಹಾಲು? ಬೇಡ. ನಾಗರಪಂಚಮಿಯಂದು ಹುತ್ತಕ್ಕೆರೆಯುವ ಹಾಲನ್ನು ಯಾವ ಹಾವೂ ಜೀರ್ಣಿಸಿಕೊಳ್ಳಲಾರದು. ಈ ಹಾವಿಗೂ ಅದೇ ಮಾತು. ತರಕಾರಿ, ಅನ್ನ, ಕೋಳಿಯ ತುಂಡು ಯಾವುದೂ ಆಗದು. ಮೂಳೆ, ಯಕೃತ್ತು, ಕೂದಲು ಸಮೇತ ಇಡೀ ಇಲಿ ನುಂಗಿದರಷ್ಟೇ ಕ್ಯಾಲ್ಸಿಯಂ, ಜೀವಸತ್ವ ಎಲ್ಲ ಸಿಗುವುದು. ನೀರು ಮಾತ್ರ ಸದಾ ಇರಬೇಕು, ಉಪವಾಸದಲ್ಲೂ.

ಬೆನಿನ್ ದೇಶದ ಕರಾವಳಿ ಪಟ್ಟಣ ವೀಡಾದಲ್ಲಿ ಬಾಲ್ ಪೈಥಾನ್‌ಗಳದ್ದೇ ಒಂದು ಗುಡಿಯಿದೆ. ಎದುರಿಗೇ ಕ್ಯಾಥೊಲಿಕ್ ಬಸಿಲಿಕಾ. ವೊಡುನ್ ಸಂಪ್ರದಾಯದಲ್ಲಿ ಈ ಹಾವು ಡಾಂಗ್ಬೆ ದೈವದ ರೂಪ. ಗುಡಿಯ ಹಾವುಗಳನ್ನು ಆಗಾಗ ರಾತ್ರಿ ಊರೊಳಗೆ ಬಿಡುತ್ತಾರೆ, ಅವು ತಮ್ಮ ಇಲಿಯನ್ನು ತಾವೇ ಹುಡುಕಿಕೊಳ್ಳುತ್ತವೆ. ಯಾರ ಮನೆಯೊಳಗಾದರೂ ಹೊಕ್ಕರೆ ಮನೆಯವರು ಜೋಪಾನವಾಗಿ ತಂದು ಗುಡಿಗೆ ಮುಟ್ಟಿಸುತ್ತಾರೆ. ನೈಜೀರಿಯಾದ ಇಗ್ಬೊ ಸೀಮೆಯ ಕೆಲವೆಡೆ ಅಕಸ್ಮಾತ್ತಾಗಿ ಈ ಹಾವನ್ನು ಕೊಂದವರು ಶವಪೆಟ್ಟಿಗೆ ಮಾಡಿ ಮಣ್ಣು ಮಾಡುವ ರೂಢಿಯಿತ್ತು. ಚಿನುವಾ ಅಚೆಬೆಯವರ 1958ರ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿಯಲ್ಲಿ ಊರನ್ನು ಕೆರಳಿಸುವ ಒಂದು ಘಟನೆ ಇಂಥ ಪವಿತ್ರ ಹಾವಿನ ಕೊಲೆಯ ಸುದ್ದಿಯೇ.

ಅದೇ ಬೆನಿನ್, ಜೊತೆಗೆ ಟೋಗೊ ಮತ್ತು ಘಾನಾಗಳಿಂದಲೇ ದಶಕಗಳಿಂದ ಈ ಹಾವು ಲೋಕಕ್ಕೆಲ್ಲ ರಫ್ತಾಗುತ್ತಿದೆ. 1992ರಲ್ಲಿ ಅಮೆರಿಕದಲ್ಲಿ ಸಾಕಣೆಯಲ್ಲೇ ಮೊದಲ ಆಲ್ಬಿನೊ ಮರಿ ಹುಟ್ಟಿದ ಮೇಲೆ ಬಣ್ಣಬಣ್ಣದ ‘ಮಾರ್ಫ್’ಗಳ ಮಾರುಕಟ್ಟೆ ಬೆಳೆಯಿತು. ಅವುಗಳಲ್ಲಿ ‘ಸ್ಪೈಡರ್’ ಎಂಬ ಮಾರ್ಫ್‌ಗೆ ಹುಟ್ಟಿನಿಂದಲೇ ತಲೆ ಅದುರುವ ನರದೋಷ. ಕೆಲವು ಬೇಟೆಗೆ ಎರಗಿದರೂ ಗುರಿ ತಪ್ಪುತ್ತವೆ. ಚೆಂದಕ್ಕಾಗಿ ಅಂಥ ಹಾವನ್ನು ಮತ್ತೆ ಮತ್ತೆ ಹುಟ್ಟಿಸುವುದು ನನಗೆ ಒಪ್ಪಿಗೆಯಿಲ್ಲ.

ಅಮೆರಿಕದ ಸೇಂಟ್ ಲೂಯಿ ಮೃಗಾಲಯಕ್ಕೆ 1961ರಲ್ಲಿ ಬಂದ ಹೆಣ್ಣು ಬಾಲ್ ಪೈಥಾನ್ ಒಂದು 2020ರ ಜುಲೈ 23ರಂದು ಏಳು ಮೊಟ್ಟೆ ಇಟ್ಟಿತು. ಆಗ ಅದರ ವಯಸ್ಸು ಕನಿಷ್ಠ 62 ಎಂಬ ಅಂದಾಜು. ಹದಿನೈದು ವರ್ಷಕ್ಕೂ ಹೆಚ್ಚು ಕಾಲದಿಂದ ಅದರ ಬಳಿ ಗಂಡು ಇರಲೇ ಇಲ್ಲ! ಸಾಮಾನ್ಯವಾಗಿ ಸಾಕಣೆಯಲ್ಲಿ ಇವು ಇಪ್ಪತ್ತು ಮೂವತ್ತು ವರ್ಷ ಬಾಳುತ್ತವೆ. ಹುಟ್ಟುಹಬ್ಬಕ್ಕೆ ಮಗುವಿಗೆ ಹಾವಿನಮರಿ ಕೊಡಿಸುವ ಮುಂಚೆ ಈ ಅಂಕಿಯನ್ನು ಮನೆಮಂದಿ ಎಲ್ಲ ಕೂತು ಮಾತಾಡಬೇಕು.

ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ ಸರೀಸೃಪ ಬೇಡ ಎನ್ನುವುದು ಸಾಲ್ಮೊನೆಲ್ಲ ಬ್ಯಾಕ್ಟೀರಿಯಾದ ಕಾರಣಕ್ಕೆ. ಹಾವು ಆರೋಗ್ಯವಾಗಿ ಕಂಡರೂ ಅದರ ಮಲದಲ್ಲಿ, ಮೈಮೇಲೆ ಅದು ಇರಬಹುದು, ಇಲಿಯಲ್ಲೂ ಇರಬಹುದು. ಇಲಿ ಕರಗಿಸುವ ಪಾತ್ರೆ ಅಡುಗೆಯ ಪಾತ್ರೆಯಾಗಬಾರದು. ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ಮುಟ್ಟುವ ಮುಂಚೆಯೂ ತೊಳೆಯಿರಿ, ಇಲಿಯ ವಾಸನೆಯಿರುವ ಬೆಚ್ಚಗಿನ ಬೆರಳನ್ನು ಹಾವು ಊಟವೆಂದೇ ತಿಳಿಯುತ್ತದೆ.

ಇನ್ನು ಕಾನೂನು. ನಮ್ಮ ಕಾಡಿನ ಹೆಬ್ಬಾವು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಅದನ್ನು ಹಿಡಿದು ಸಾಕಿದರೆ ಮೂರರಿಂದ ಏಳು ವರ್ಷ ಜೈಲು. ಬಾಲ್ ಪೈಥಾನ್ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಎರಡನೇ ಅನುಬಂಧದ ಪ್ರಾಣಿ. ನಮ್ಮ ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದು, 2024ರ ನಿಯಮಗಳಂತೆ ಇಂಥ ಪ್ರಾಣಿ ಇರುವವರು ಕೇಂದ್ರದ ‘ಪರಿವೇಶ್ 2.0’ ಜಾಲತಾಣದ ಮೂಲಕ ನೋಂದಣಿ ಮಾಡಿಸಬೇಕು. ಮರಿಯಾದರೂ, ಸತ್ತರೂ, ಬೇರೆಯವರಿಗೆ ಕೊಟ್ಟರೂ ತಿಳಿಸಬೇಕು.

ಕಳ್ಳದಾರಿಯಲ್ಲಿ ಬರುವ ಹಾವುಗಳ ಪಾಡು ಏನೆಂದು ಬೆಂಗಳೂರು ನೋಡಿದೆ. 2023ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕಾಕ್‌ನಿಂದ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಬಂದ ಸಾಮಾನಿನಲ್ಲಿ ಕಸ್ಟಮ್ಸ್ ಅಧಿಕಾರಿಗಳಿಗೆ 78 ಪ್ರಾಣಿಗಳು ಸಿಕ್ಕವು. 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ, 6 ಕಪುಚಿನ್ ಕೋತಿ. ಹಾವುಗಳೆಲ್ಲ ಜೀವಂತ, ಕೋತಿಗಳು ಆರೂ ಸತ್ತಿದ್ದವು. ಹೀಗೆ ಬಂದ ಮರಿಯನ್ನು ಕೊಂಡವರಿಗೆ ಅದರ ವಯಸ್ಸು, ತಿಂದ ಕೊನೆಯ ಊಟ, ಅಭ್ಯಾಸವಾದ ಆಹಾರ ಯಾವುದೂ ಸಿಗುವುದಿಲ್ಲ. ನೋಂದಾಯಿತ ಸಾಕಣೆದಾರರ ಬಳಿ ಹೋದವರು ಕೇಳಬೇಕಾದ ಮೊದಲ ಕಾಗದ ದಾಖಲೆಪತ್ರ. ಎರಡನೆಯದು ಆ ಮರಿ ಯಾವ ತಾರೀಕು ಏನು ತಿಂದಿತು ಎಂಬ ಪಟ್ಟಿ. ಸತತ ನಾಲ್ಕೈದು ಊಟ ತಾನಾಗಿ ತಿಂದಿರದ ಮರಿಯನ್ನು ಮನೆಗೆ ತರಬೇಡಿ.